ಹತ್ತನೇ ‘ಬಿ’ಯ ಹಿಂದಿನ ಅಡುಗೆಮನೆ

ಅಮ್ಮ ಯಾರಿಗೂ ಗೊತ್ತಾಗದ ಹಾಗೆ ಹತ್ತನೇ ತರಗತಿ ಓದಿದ ಕೊನೆಯ ದಿನ ಒಂದು ಸೋಮವಾರ. ಆವತ್ತು ನನಗೆ ಜ್ವರ. ಶಾಲೆಗೆ ಹೋಗದೆ ಅಡುಗೆಮನೆಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದೆ. ಸ್ಟೋವಿನ ಮೇಲೆ ಹುರುಳಿಕಾಳು ಬೇಯುತ್ತಿತ್ತು. ಗೋಡೆಯ ಆಚೆ ರಾಯಪ್ಪ ಮೇಷ್ಟ್ರು ನನ್ನ ತರಗತಿಗೆ ಲೆಕ್ಕದ ಪಾಠ ಮಾಡುತ್ತಿದ್ದರು. ಈಚೆ ಅಮ್ಮ ಮೊರದಲ್ಲಿ ಸೊಪ್ಪು ಹರಡಿಕೊಂಡು, ಗೋಡೆಗೆ ಬೆನ್ನು ಕೊಟ್ಟು, ಕಾಲು ನೀಡಿ ಕೂತಿದ್ದಳು. ಸೊಪ್ಪು ಬಿಡಿಸುವ ಕೈ ಆಗಾಗ ನಿಲ್ಲುತ್ತಿತ್ತು. ಮೇಷ್ಟ್ರು ಒಂದು ಸಾಲನ್ನು ಎರಡನೇ ಸಲ ಹೇಳಿದರೆ ಅಮ್ಮನ ತುಟಿಯೂ ಅವರ ಜೊತೆಗೆ ಅಲ್ಲಾಡುತ್ತಿತ್ತು. ಕಾಳು ಬೆಂದು ಬಸಿಯುವ ಹೊತ್ತಾದರೂ ಅವಳು ಏಳಲಿಲ್ಲ. ‘ಎಂದು ಸಾಧಿಸಲಾಗಿದೆ’ ಎಂದು ಮೇಷ್ಟ್ರು ಮುಗಿಸಿ, ಸೀಮೆಸುಣ್ಣದ ಕೈ ಕೊಡವಿಕೊಂಡ ಸದ್ದು ಕೇಳಿದ ಮೇಲೆಯೇ ಎದ್ದು ಪಾತ್ರೆ ಇಳಿಸಿದಳು.

“ಕೇಳಿಸ್ತೇನೋ ನಾಗಾ? ಇವತ್ತು ವಿಕರ್ಣನ ಪಾಠ.”

“ತಲೆ ನೋಯ್ತಿದೆ ಕಣಮ್ಮ.”

“ನೋಯ್ತಿರೋದು ತಲೆ. ಕಿವಿಗೇನಾಗೈತೆ?”

ನಾನು ಮಗ್ಗುಲು ಬದಲಿಸಿ ಮಲಗಿದೆ. ಅವಳು ಕಾಳು ಬಸಿದ ಕಟ್ಟಿನ ನೀರಿಗೆ ಖಾರ ಬೆರೆಸಿದಳು. ಅಷ್ಟೇ, ಇನ್ನೇನೂ ನಡೆಯಲಿಲ್ಲ. ಅಮ್ಮ ತೀರಿಕೊಂಡು ಏಳು ತಿಂಗಳಾದವು. ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನಗಳಲ್ಲಿ ನನಗೆ ಮೊದಲು ನೆನಪಾಗುವುದು ಅವಳ ಕೊನೆಯ ದಿನಗಳ ಆಸ್ಪತ್ರೆಯಲ್ಲ, ಈ ಸೋಮವಾರ.

ನಮ್ಮ ಮನೆ ಹೆಬ್ಬಾಳ ಮತ್ತು ಯಲಹಂಕದ ನಡುವೆ, ಹಳೆಯ ಬಳ್ಳಾರಿ ರಸ್ತೆಯಿಂದ ಸ್ವಲ್ಪ ಒಳಗೆ, ಕ್ಯಾಥೊಲಿಕ್ ಪಾದ್ರಿಗಳು ನಡೆಸುತ್ತಿದ್ದ ಗಂಡುಮಕ್ಕಳ ಹೈಸ್ಕೂಲಿನ ಕಾಂಪೌಂಡಿನಲ್ಲಿತ್ತು. ಅಪ್ಪ ಮುನಿಯಪ್ಪ ಅಲ್ಲಿ ಅಟೆಂಡರ್. ಬೆಲ್ ಹೊಡೆಯುವುದು, ಬಾಗಿಲುಗಳ ಬೀಗ ತೆಗೆಯುವುದು, ಹಾಕುವುದು, ವಿಜ್ಞಾನದ ಮೇಷ್ಟ್ರಿಗೆ ಗಾಜಿನ ಸಾಮಾನು ತೊಳೆದಿಡುವುದು, ಪರೀಕ್ಷೆ ಬಂದರೆ ಪ್ರಶ್ನೆಪತ್ರಿಕೆಯನ್ನು ಯಂತ್ರದಲ್ಲಿ ಸುತ್ತಿ ಸುತ್ತಿ ಅಚ್ಚು ತೆಗೆಯುವುದು, ಎಲ್ಲ ಅವನದೇ. ನನಗೆ ಆರು ವರ್ಷವಾಗಿದ್ದಾಗ ನಮಗೆ ಅಲ್ಲಿ ಎರಡು ಕೋಣೆಯ ಮನೆ ಕೊಟ್ಟರು. ಶಾಲೆಯ ಅತಿ ಹಳೆಯ ಕಟ್ಟಡಕ್ಕೆ ಬೆನ್ನು ಹಚ್ಚಿಕೊಂಡಿದ್ದ ಮನೆ. ಆ ಕಟ್ಟಡ ಮೊದಲು ಶಾಲೆಯಾಗಿರಲಿಲ್ಲ, ಪ್ರಾರ್ಥನೆಯ ಮನೆಯಾಗಿತ್ತು. ಸುತ್ತಮುತ್ತ ದ್ರಾಕ್ಷಿ ತೋಟಗಳಿದ್ದ ಕಾಲದಲ್ಲಿ ಆ ತೋಟದ ಕೂಲಿಯವರಿಗಾಗಿ ಕಟ್ಟಿದ್ದಂತೆ. ಮುಂದೆ ಗೋಪುರದ ದೊಡ್ಡ ಇಗರ್ಜಿ ಎದ್ದ ಮೇಲೆ ಹಳೆಯದನ್ನು ಕೂಲಿಯವರ ಮಕ್ಕಳ ಕನ್ನಡ ಶಾಲೆ ಮಾಡಿದರು. ಅದು ಬೆಳೆದು ಮಿಡಲ್ ಸ್ಕೂಲಾಯಿತು, ಹೈಸ್ಕೂಲಾಯಿತು. ಜಾಲಹಳ್ಳಿಯ ಕಡೆ ಕಾರ್ಖಾನೆಗಳು ಬಂದು, ಕ್ವಾರ್ಟರ್ಸಿನ ಜನ ತಮ್ಮ ಮಕ್ಕಳಿಗೆ ಇಂಗ್ಲಿಷ್ ಬೇಕೆಂದು ಕೇಳತೊಡಗಿದಾಗ ಮುಂಭಾಗದಲ್ಲಿ ಮಹಡಿಯ ಕಟ್ಟಡ ಎದ್ದಿತು. ಅದರಲ್ಲಿ ಇಂಗ್ಲಿಷ್ ಮಾಧ್ಯಮದ ‘ಎ’ ಸೆಕ್ಷನ್. ಹಿಂದಿನ ಹಂಚಿನ ಕಟ್ಟಡದಲ್ಲಿ ಕನ್ನಡ ಮಾಧ್ಯಮದ ‘ಬಿ’. ಅದಕ್ಕೂ ಹಿಂದೆ ನಾವು.

ನಮ್ಮ ಅಡುಗೆಮನೆ ಆ ಹಳೆಯ ಕಾಲದಲ್ಲಿ ಪಾದ್ರಿಗಳು ಪೂಜೆಗೆ ಮೊದಲು ನಿಲುವಂಗಿ ತೊಟ್ಟುಕೊಳ್ಳುತ್ತಿದ್ದ ಕೋಣೆ. ಒಳಗೆ ಹಾಡುತ್ತಿದ್ದದ್ದು ಅವರಿಗೆ ಕೇಳಿಸಲಿ ಎಂದು ಮಧ್ಯದ ಗೋಡೆಯಲ್ಲಿ, ಸೂರಿನ ಹತ್ತಿರ, ಎರಡು ಕಮಾನಿನ ಗವಾಕ್ಷಿ ಬಿಟ್ಟಿದ್ದರು. ಪೂಜೆ ಹೋಗಿ ಪಾಠ ಬಂದರೂ ಯಾರೂ ಅವನ್ನು ಮುಚ್ಚಿರಲಿಲ್ಲ. ಹೀಗಾಗಿ ನಮ್ಮ ಮನೆಯ ಒಗ್ಗರಣೆ ಹತ್ತನೇ ‘ಬಿ’ಗೆ ಹೋಗುತ್ತಿತ್ತು, ಹತ್ತನೇ ‘ಬಿ’ಯ ಪಾಠ ನಮ್ಮ ಮನೆಗೆ ಬರುತ್ತಿತ್ತು.

ಅಮ್ಮನ ಹೆಸರು ಅಕ್ಕಯ್ಯಮ್ಮ. ಜಕ್ಕೂರು ಕೆರೆಯ ಆಚೆಯ ಹಳ್ಳಿಯವಳು. ಮೂರನೇ ಕ್ಲಾಸಿಗೆ ಶಾಲೆ ಬಿಡಿಸಿದ್ದರು. ಕೂಡಿಸಿ ಕೂಡಿಸಿ ಓದುತ್ತಿದ್ದಳು, ತನ್ನ ಹೆಸರನ್ನಷ್ಟೇ ಬರೆಯುತ್ತಿದ್ದಳು. ಆದರೆ ಒಂಬತ್ತು ವರ್ಷ ಅದೇ ಪಾಠಗಳನ್ನು ಅದೇ ಮೇಷ್ಟರುಗಳ ಬಾಯಲ್ಲಿ ಕೇಳಿ ಕೇಳಿ ಹತ್ತನೇ ತರಗತಿಯೆಲ್ಲ ಅವಳ ಬಾಯಲ್ಲಿತ್ತು. ಮನೆಗೆಲಸವನ್ನು ಅವಳು ಶಾಲೆಯ ವೇಳಾಪಟ್ಟಿಗೆ ಹೊಂದಿಸಿಕೊಂಡಿದ್ದಳು. ಮೊದಲ ಪೀರಿಯಡ್ ಕನ್ನಡ: ಅಕ್ಕಿ ಆರಿಸುವುದು, ಸೊಪ್ಪು ಬಿಡಿಸುವುದು, ಸದ್ದಿಲ್ಲದ ಕೆಲಸ. ಹುಡುಗರು ಆಟಕ್ಕೆ ಹೋಗಿ ತರಗತಿ ಖಾಲಿಯಾಗುವ ಡ್ರಿಲ್ ಪೀರಿಯಡ್ಡಿನಲ್ಲಿ ರುಬ್ಬುವುದು, ಕುಟ್ಟುವುದು. ಖಾರದಪುಡಿಗೆ ಮೆಣಸಿನಕಾಯಿ ಹುರಿಯುವುದು ಭಾನುವಾರ ಮಾತ್ರ, ಏಕೆಂದರೆ ಒಮ್ಮೆ ಅವಳು ಬುಧವಾರ ಹುರಿದು, ಸಮಾಜ ವಿಜ್ಞಾನದ ಕಿರುಪರೀಕ್ಷೆಯಲ್ಲಿ ಇಡೀ ತರಗತಿ ಕೆಮ್ಮಿ ಕಣ್ಣೀರು ಸುರಿಸಿತ್ತು. ಪಂಪ್ ಸ್ಟೋವ್ ಭೋರೆನ್ನುತ್ತದೆಂದು ಹಟ ಹಿಡಿದು ಬತ್ತಿ ಸ್ಟೋವನ್ನೇ ತರಿಸಿಕೊಂಡಿದ್ದಳು. ಅಪ್ಪ ಅದು ಸೀಮೆಎಣ್ಣೆ ಉಳಿಸುವ ಉಪಾಯ ಎಂದುಕೊಂಡಿದ್ದ.

ಶನಿವಾರ ಕ್ಯಾಥೊಲಿಕ್ ಹುಡುಗರು ಜ್ಞಾನೋಪದೇಶಕ್ಕೆಂದು ಇಗರ್ಜಿಯ ಕಡೆ ಹೋಗುತ್ತಿದ್ದರು. ಉಳಿದ ನಮಗೆ ತರಗತಿಯಲ್ಲೇ ನೀತಿಪಾಠ. ಆ ಪೀರಿಯಡ್ ಅಮ್ಮನಿಗೆ ಬೇಸರ. “ಸುಳ್ಳೇಳ್ಬ್ಯಾಡ, ಕದೀಬ್ಯಾಡ. ಇದ್ಕೂ ಮೇಷ್ಟ್ರು ಬೇಕಾ?” ಎಂದು ಪಾತ್ರೆ ತಿಕ್ಕಲು ಹೊರಗೆ ಹೋಗುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಪ್ರಮೇಯ. ದತ್ತ, ಸಾಧನೀಯ, ರಚನೆ, ಸಾಧನೆ ಎಂದು ರಾಯಪ್ಪ ಮೇಷ್ಟ್ರು ನಾಲ್ಕು ಮೆಟ್ಟಿಲು ಹತ್ತಿಸಿ ಪ್ರಮೇಯ ಮುಗಿಸುವ ರೀತಿ ಅವಳಿಗೆ ಬಹಳ ಹಿಡಿಸಿತ್ತು. ಮಧ್ಯಾಹ್ನ ಅಪ್ಪ ಕೈ ತೊಳೆದು ಬಂದು ಏನಡುಗೆ ಎಂದು ಕೇಳಿದರೆ ಹೇಳುತ್ತಿದ್ದಳು:

“ದತ್ತ, ಅರ್ಧ ಸೇರು ಅವರೆಕಾಳು. ಸಾಧನೀಯ, ನಿಮ್ಮ ಒಟ್ಟೆ.”

“ರಚನೆ?”

“ಮುದ್ದೆ.”

“ಸಾಧನೆ ನಾನ್ ಮಾಡ್ತೀನಿ, ಬಡ್ಸು.”

ಇವು ನಮ್ಮ ಮನೆಯ ಒಳಗಿನ ತಮಾಷೆ. ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಗಂಡುಮಕ್ಕಳ ಶಾಲೆ, ಎಲ್ಲ ಮೇಷ್ಟರುಗಳೂ ಗಂಡಸರೇ. “ಈ ಕಾಂಪೌಂಡಲ್ಲಿ ಎಂಗಸ್ರು ಇಬ್ರೇ. ಇಗರ್ಜಿ ಮುಂದ್ಲ ಕಲ್ಲಿನ ಗವಿಯಾಗೆ ನಿಂತಿರೋ ಮರಿಯಮ್ಮ ತಾಯಿ, ಇಲ್ಲಿ ನಾನು. ಅವ್ರು ಮಾತಾಡಕಿಲ್ಲ, ನಾನು ಮಾತಾಡ್ಬಾರ್ದು,” ಎಂದು ಅಮ್ಮ ನಗುತ್ತಿದ್ದಳು. ಶಾಲೆಯ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಪಿಸುಮಾತೇ. ಪಾಠಕ್ಕೆ ತೊಂದರೆಯಾದರೆ ಮನೆ ಬಿಡಿಸಿಯಾರು ಎಂಬ ಅಂಜಿಕೆ ಅಪ್ಪನಿಗಿತ್ತು. ಒಂಬತ್ತು ವರ್ಷ ಅಮ್ಮ ಪಾಠ ನಡೆಯುವಾಗ ಆ ಗೋಡೆಯ ಹಿಂದೆ ಒಂದು ಸದ್ದೂ ಮಾಡಿರಲಿಲ್ಲ.

ಮಂಗಳವಾರ ಜ್ವರ ಬಿಟ್ಟಿತು. ತರಗತಿಗೆ ಹೋದೆ. ರಾಯಪ್ಪ ಮೇಷ್ಟ್ರು ಬಂದವರೇ ಹಲಗೆಯ ಮೇಲೆ ಏನನ್ನೂ ಬರೆಯದೆ ನನ್ನ ಕಡೆ ನೋಡಿದರು. ಸಣಕಲು ಮನುಷ್ಯ, ಬಲಗೈ ತೋಳಿಗೆ ಯಾವಾಗಲೂ ಸೀಮೆಸುಣ್ಣದ ಪುಡಿ. ಎಲ್ಲ ಹುಡುಗರನ್ನೂ ‘ರಾಜ’ ಎಂದೇ ಕರೆಯುತ್ತಿದ್ದರು, ಹೊಡೆಯುವಾಗಲೂ.

“ನಿನ್ನೆ ಬರ್ಲಿಲ್ಲ ರಾಜ. ಆದ್ರೆ ಈ ಗೋಡೆ ಹಿಂದೇನೇ ಮಲಗಿದ್ಯಲ್ಲ, ಕೇಳಿಸಿರ್ಬೇಕು. ಎದ್ದೇಳು. ಪ್ರಮೇಯ ಹೇಳು.”

ಎದ್ದು ನಿಂತೆ. “ಲಂಬಕೋನ ತ್ರಿಭುಜದಲ್ಲಿ…” ಎಂದೆ.

“ಹೂಂ. ತ್ರಿಭುಜದಲ್ಲಿ?”

“ತ್ರಿಭುಜದಲ್ಲಿ…”

ಪಕ್ಕದಲ್ಲಿ ಕೂತಿದ್ದ ಅಫ್ಜಲ್ “ಬೋಲ್ ರೇ” ಎಂದು ನನ್ನ ಮಂಡಿ ತಿವಿದ. ನನಗೆ ನಿನ್ನೆಯ ಚಾಪೆ ನೆನಪಾಯಿತು, ಹುರುಳಿಕಾಳಿನ ವಾಸನೆ ನೆನಪಾಯಿತು, ಮುಂದಿನ ಸಾಲು ನೆನಪಾಗಲಿಲ್ಲ. ಮೇಷ್ಟ್ರು ಕಾಯುತ್ತಿದ್ದರು. ಆಗ ಮೇಲಿನ ಗವಾಕ್ಷಿಯಿಂದ ಅಮ್ಮನ ದನಿ ಬಂತು. ಗಟ್ಟಿಯಾಗಿ, ನಿಧಾನವಾಗಿ, ಒಂದೊಂದು ಪದವನ್ನೂ ಬಿಡಿಸಿ:

“ಲಂಬಕೋನ ತ್ರಿಭುಜದಲ್ಲಿ, ವಿಕರ್ಣನ ಮೇಲಿನ ವರ್ಗವು, ಉಳಿದೆರಡು ಬಾಹುಗಳ ಮೇಲಿನ ವರ್ಗಗಳ ಮೊತ್ತಕ್ಕೆ ಸಮನಾಗಿರುತ್ತದೆ.”

ಮನೆಯಲ್ಲಿ ‘ಹ’ಕಾರವೇ ಬಾರದ ಅಮ್ಮ ಪಾಠ ಒಪ್ಪಿಸುವಾಗ ಮಾತ್ರ ಅಚ್ಚಿನ ಕನ್ನಡ ಆಡುತ್ತಿದ್ದಳು. ಮೂವತ್ತೇಳು ಹುಡುಗರು ಒಂದು ಕ್ಷಣ ಮೇಲೆ ನೋಡಿದರು. ಆಮೇಲೆ ಬೆಂಚು ಬಡಿದು ನಗತೊಡಗಿದರು. ರಾಯಪ್ಪ ಮೇಷ್ಟ್ರು ನಗಲಿಲ್ಲ. ಕೈಯೆತ್ತಿ ತರಗತಿಯನ್ನು ಸುಮ್ಮನಾಗಿಸಿ, ಗವಾಕ್ಷಿಯ ಕಡೆ ಮುಖ ಮಾಡಿ ಹೇಳಿದರು:

“ಅಕ್ಕಯ್ಯಮ್ಮನವರೇ, ಬಹಳ ಚೆನ್ನಾಗಿ ಹೇಳಿದ್ರಿ. ಒಂದೇ ಒಂದು ಅಕ್ಷರ ತಪ್ಪು. ವಿಕರ್ಣನ ಅಲ್ಲ, ವಿಕರ್ಣದ.”



ಸಂಜೆಯ ಹೊತ್ತಿಗೆ ನನ್ನ ಹೆಸರು ವಿಕರ್ಣ ಎಂದಾಗಿತ್ತು. ಬೆಲ್ ಹೊಡೆದ ಮೇಲೆ ಹುಡುಗರು ನಮ್ಮ ಮನೆ ಬಾಗಿಲ ತನಕವೂ ಬಿಡಲಿಲ್ಲ. “ಏನ್ ಗುರು ವಿಕರ್ಣ, ನಾಳೆ ಪರೀಕ್ಷೆ ನೀನ್ ಬರೀತೀಯೋ ನಿಮ್ಮಮ್ಮ ಬರೀತಾರೋ?” ಅಫ್ಜಲ್ ಕೂಡ ನಕ್ಕ. ನಾನು ಮನೆಗೆ ಬಂದು ಚೀಲ ಎಸೆದೆ.

“ನಿಂಗ್ಯಾರು ಹೇಳು ಅಂದ್ರು?”

“ನೀನು ನಿಂತೇಬುಟ್ಟೆ ಕಣಪ್ಪ. ಬಾಯಿಗೆ ಬಂದ್ಬುಡ್ತು.”

“ಮೂರನೇ ಕ್ಲಾಸ್ ಓದಿರೋಳಿಗೆ ಅದೆಲ್ಲ ಯಾಕೆ ಬೇಕು? ತಪ್ಪುತಪ್ಪಾಗಿ ಹೇಳಿ ನನ್ ಮಾನ ಕಳೆದೆ. ಇನ್ಮೇಲೆ ಕೇಳಿಸ್ಕೋಬೇಡ.”

ಅಮ್ಮ ಬೈಯಲಿಲ್ಲ. ಒಂದೇ ಒಂದು ಮಾತು ಕೇಳಿದಳು: “ತಪ್ಪೇನೇಳ್ದೆ ನಾನು?” ಅವಳಿಗೆ ನಿಜವಾಗಿಯೂ ಅದು ತಿಳಿಯಬೇಕಾಗಿತ್ತು. ನಾನು ರಾಗಿ ಡಬ್ಬದ ಮೇಲೆ ಹತ್ತಿ ಎರಡು ಗವಾಕ್ಷಿಗಳಿಗೂ ಗೋಣಿಚೀಲ ತುರುಕಿದೆ. ಅಪ್ಪ ಬಂದು ನೋಡಿ ಗಾಬರಿಯಾದ.

“ಸ್ಕೂಲಿನ ಗೋಡೆಗೆ ಗೋಣಿಚೀಲ ತುರುಕೋಕೆ ಯಾರ ಪರ್ಮಿಷನ್ ತಗೊಂಡ್ಯೋ?”

“ಇರ್ಲಿ ಬುಡಿ. ಇಲಿ ಬರ್ತಾವೆ,” ಎಂದಳು ಅಮ್ಮ.

ಮರುದಿನದಿಂದ ನಮ್ಮ ಮನೆಗೆ ವೇಳಾಪಟ್ಟಿ ಇಲ್ಲವಾಯಿತು. ಅಮ್ಮ ತನಗೆ ತೋಚಿದಾಗ ರುಬ್ಬತೊಡಗಿದಳು. ಲೆಕ್ಕದ ಪೀರಿಯಡ್ಡಿನಲ್ಲಿ ಗೋಡೆಯ ಹಿಂದೆ ಗುಂಡುಕಲ್ಲು ಗುಡುಗುಡು ಎನ್ನುವುದು ನಮಗೆಲ್ಲ ಕೇಳುತ್ತಿತ್ತು. ಗೋಣಿಚೀಲ ಅಷ್ಟು ಸದ್ದನ್ನು ತಡೆಯುತ್ತಿರಲಿಲ್ಲ. ಎಂದರೆ ಪಾಠವೂ ಅಮ್ಮನಿಗೆ ಅಷ್ಟಿಷ್ಟು ಕೇಳಬಹುದಾಗಿತ್ತು. ಅದಕ್ಕೇ ರುಬ್ಬುತ್ತಿದ್ದಳು. ಅದು ನನಗೆ ಆಗ ತಿಳಿಯಲಿಲ್ಲ. ಅವಳು ಸಿಟ್ಟಿನಿಂದ ಹಾಗೆ ಮಾಡುತ್ತಾಳೆ ಎಂದುಕೊಂಡೆ. ಕೇಳಿಸಿಕೊಳ್ಳಬೇಡ ಎಂದಿದ್ದೆನಲ್ಲ, ಅವಳು ನನ್ನ ಮಾತು ನಡೆಸುತ್ತಿದ್ದಳು.

ಆ ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ರಾಯಪ್ಪ ಮೇಷ್ಟ್ರು ನಮ್ಮ ಮನೆಗೆ ಬಂದರು. ಅಪ್ಪ ಓಡಿಹೋಗಿ ಒಳಗಿನಿಂದ ಸ್ಟೂಲು ತಂದ. ಮೇಷ್ಟ್ರು ಕೂರದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ತಲೆಯೆತ್ತಿ ನೋಡಿದರು.

“ಗೋಣಿಚೀಲ ಯಾಕೆ ಅಕ್ಕಯ್ಯಮ್ಮನವರೇ?”

“ಇಲಿ ಕಾಟ ಸಾರ್.”

“ಇಲಿಗೆ ವಯಸ್ಸೆಷ್ಟು? ಹದಿನೈದಾ?”

ಅಪ್ಪನಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಮೇಷ್ಟ್ರು ನನ್ನ ಕಡೆ ನೋಡದೆ ಸ್ಟೂಲಿನ ಮೇಲೆ ಕೂತು ಕಾಫಿ ಕುಡಿದರು. ಅಮ್ಮನನ್ನು ಕರೆದು ಇನ್ನೂ ಎರಡು ಪ್ರಮೇಯ ಕೇಳಿದರು. ಸೆರಗಿನ ತುದಿ ಹಿಡಿದುಕೊಂಡು, ನೆಲ ನೋಡುತ್ತ, ಅವಳು ಎರಡನ್ನೂ ಪೂರ್ತಿ ಹೇಳಿದಳು. ಚರಿತ್ರೆಯಿಂದ ಒಂದು ಪ್ರಶ್ನೆ ಕೇಳಿದರು. ಹೇಳಿದಳು. ಅಪ್ಪನ ಬಾಯಿ ತೆರೆದೇ ಇತ್ತು.

“ನೀವು ಎಸ್ಸೆಸ್ಸೆಲ್ಸಿಗೆ ಕಟ್ಟಿ. ಪ್ರೈವೇಟಾಗಿ ಕಟ್ಟಬಹುದು. ಹೆಡ್‌ಮಾಸ್ಟರ್ ಫಾದರ್ ಹತ್ರ ನಾನು ಮಾತಾಡಿದೀನಿ, ಸಹಿ ಹಾಕ್ತೀನಿ ಅಂದ್ರು.”

“ಬರಿಯಾಕೆ ಬರ್ಬೇಕಲ್ಲ ಸಾರ್.”

“ಅದನ್ನ ಕಲಿಸಬಹುದು. ನನ್ನ ಕ್ಲಾಸಲ್ಲಿ ಬರೆಯೋಕೆ ಎಲ್ಲರಿಗೂ ಬರುತ್ತೆ, ಬರೆಯೋಕೆ ವಿಷಯ ಇಲ್ಲ. ನಿಮ್ಮದು ಉಲ್ಟಾ.”

ಅಪ್ಪ ಜೋರಾಗಿ ನಕ್ಕ. “ತಾಯಿ ಮಗ ಒಂದೇ ಪರೀಕ್ಷೆಗೆ ಕೂತ್ಕೊಂಡ್ರೆ ನಾನು ಯಾರಿಗೆ ಅಂತ ಬೆಲ್ ಹೊಡೀಲಿ ಸಾರ್?” ಎಂದ. ಅವನು ಖುಷಿಯಾಗಿದ್ದ. ಅಮ್ಮನೂ ನಗುತ್ತಿದ್ದಳು, ಕಿವಿಯವರೆಗೆ ಕೆಂಪಾಗಿದ್ದಳು. ಹಾಗೆ ನಗುತ್ತಲೇ ನನ್ನ ಕಡೆ ತಿರುಗಿದಳು. ನನ್ನ ಮುಖದಲ್ಲಿ ಅವಳಿಗೆ ಏನು ಕಂಡಿತೋ ನಾನು ಹೇಳಲಾರೆ. ನನ್ನ ತಲೆಯಲ್ಲಿದ್ದದ್ದು ಮಾತ್ರ ನೆನಪಿದೆ: ಪರೀಕ್ಷೆಯ ಹಾಲಿನಲ್ಲಿ ಅಮ್ಮ ಸೆರಗು ಹೊದ್ದು ಬೆಂಚಿನ ಮೇಲೆ ಕೂತಿರುವುದು, ಹಿಂದಿನಿಂದ ಮೂವತ್ತೇಳು ಹುಡುಗರು ವಿಕರ್ಣ ವಿಕರ್ಣ ಎನ್ನುವುದು.

“ಈ ವರ್ಸ ಬ್ಯಾಡ ಸಾರ್,” ಎಂದಳು ಅಮ್ಮ. “ಇವ್ನು ಒಂದು ಮುಗಿಸ್ಕಳ್ಲಿ. ನಾನು ಮುಂದಿನ್ ವರ್ಸ ನೋಡ್ತೀನಿ.”

“ಮುಂದಿನ ವರ್ಷ…” ಎಂದು ಮೇಷ್ಟ್ರು ಏನೋ ಹೇಳಲು ಹೋಗಿ ನಿಲ್ಲಿಸಿದರು. ಕಾಫಿಯ ಲೋಟ ಕೆಳಗಿಟ್ಟು, ಗೋಡೆಯ ಕಡೆ ಒಮ್ಮೆ ನೋಡಿ, ಬರ್ತೀನಿ ಎಂದು ಎದ್ದು ಹೋದರು. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆವತ್ತು ರಾತ್ರಿಯ ಊಟ ಚೆನ್ನಾಗಿ ಮಾಡಿದೆ.

ಅರ್ಧವಾರ್ಷಿಕ ಪರೀಕ್ಷೆ ಬಂತು. ಲೆಕ್ಕದಲ್ಲಿ ನಾನು ತೇಲಿದ್ದೆನೇ ಹೊರತು ದಡ ಸೇರಿರಲಿಲ್ಲ. ಉತ್ತರಪತ್ರಿಕೆ ಕೊಟ್ಟ ದಿನ ಮನೆಗೆ ಬಂದು, ಯಾರೂ ಹೇಳದೆ, ಮತ್ತೆ ಅದೇ ರಾಗಿ ಡಬ್ಬದ ಮೇಲೆ ಹತ್ತಿ ಗೋಣಿಚೀಲ ಎಳೆದು ಹಾಕಿದೆ. ಜೇಡರ ಬಲೆ, ಧೂಳು ಎಲ್ಲ ತಲೆಯ ಮೇಲೆ ಸುರಿಯಿತು. ಅಮ್ಮ ಹಿಟ್ಟು ಜರಡಿ ಹಿಡಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

“ಇಲಿ ಓಯ್ತಾ?”

“ಹೋಯ್ತು.”

ಅಷ್ಟಕ್ಕೇ ನಮ್ಮ ಜಗಳ ಮುಗಿಯಿತು. ಅಪ್ಪನ ಜೇಬಿನಲ್ಲಿ ಯಾವಾಗಲೂ ಇರುತ್ತಿದ್ದ ಸೀಮೆಸುಣ್ಣದ ತುಂಡೊಂದನ್ನು ತೆಗೆದುಕೊಂಡು ನಾನು ಅಡುಗೆಮನೆಯ ಕೆಂಪು ಗಾರೆಯ ಮೇಲೆ ಒಂದು ಲಂಬಕೋನ ತ್ರಿಭುಜ ಬರೆದೆ. ಅವಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಒಂಬತ್ತು ವರ್ಷ ತ್ರಿಭುಜದ ಮಾತು ಕೇಳಿದ್ದ ಅಮ್ಮ ತ್ರಿಭುಜವನ್ನು ನೋಡಿರಲಿಲ್ಲ. ಹಲಗೆ ಗೋಡೆಯ ಆ ಕಡೆ ಇತ್ತು. ಗವಾಕ್ಷಿಯಿಂದ ದನಿ ಬರುತ್ತಿತ್ತೇ ಹೊರತು ಗೆರೆ ಬರುತ್ತಿರಲಿಲ್ಲ. ನನ್ನ ಪುಸ್ತಕ ತೆಗೆದು ನೋಡಬಹುದಾಗಿತ್ತು, ಆದರೆ ಅದನ್ನು ಅವಳು ಎಂದೂ ಮುಟ್ಟಿದವಳಲ್ಲ. ಪಾಠ ಕದ್ದು ಕೇಳುವುದು ಬೇರೆ, ಮಗನ ಪುಸ್ತಕ ತೆಗೆಯುವುದು ಬೇರೆ ಎಂಬುದು ಅವಳ ಲೆಕ್ಕ.

“ಇದ್ರಲ್ಲಿ ವಿಕರ್ಣ ಎಲ್ಲವ್ನೆ?”

“ಇದೇ. ಈ ಓರೆ ಗೆರೆ.”

“ಇದಾ?”

“ಇದೇ ಕಣಮ್ಮ.”

“ಬರೀ ಗೆರೆ!”

ಆಗ ಹೇಳಿದಳು. ಅವಳ ಹಳ್ಳಿಯಲ್ಲಿ ಚಿಕ್ಕಂದಿನಲ್ಲಿ ನೋಡಿದ ಪೌರಾಣಿಕ ನಾಟಕದಲ್ಲಿ ವಿಕರ್ಣ ಎಂಬೊಬ್ಬನಿದ್ದ. ನೂರು ಜನ ಕೌರವರಲ್ಲಿ ಒಬ್ಬ. ದ್ರೌಪದಿಯನ್ನು ಸಭೆಗೆ ಎಳೆದು ತಂದಾಗ ದೊಡ್ಡವರೆಲ್ಲ ತಲೆ ತಗ್ಗಿಸಿ ಕೂತಿರುವಾಗ ಇವನೊಬ್ಬನೇ ಎದ್ದು ನಿಂತು, ಇದು ತಪ್ಪು ಎಂದವನು. ಪಾದ್ರಿಗಳ ಶಾಲೆಯಲ್ಲಿ ರಾಯಪ್ಪ ಮೇಷ್ಟ್ರು ವರ್ಷ ವರ್ಷ ಅವನ ಪಾಠ ಹೇಳುತ್ತಾರೆಂದು ಅವಳು ತಿಳಿದಿದ್ದಳು. ಅವನ ತೂಕ ಉಳಿದ ಎರಡು ಬಾಹುಗಳನ್ನು ಕೂಡಿಸಿದರೆ ಎಷ್ಟೋ ಅಷ್ಟು: ಬಾಹು ಎಂದರೆ ತೋಳು, ತೋಳು ಎಂದರೆ ಭೀಮ, ಅರ್ಜುನ. ಸಭೆಯಲ್ಲಿ ಬಾಯಿ ಬಿಟ್ಟವನೊಬ್ಬ, ಆಯುಧ ಹಿಡಿದ ಇಬ್ಬರಿಗೆ ಸಮ. ಇದನ್ನು ಹೇಳಿಕೊಡುವ ಶಾಲೆ ಒಳ್ಳೆಯ ಶಾಲೆಯೇ ಇರಬೇಕು ಎಂದು ಒಂಬತ್ತು ವರ್ಷ ನಂಬಿದ್ದಳು.

ನಾನು ನಗಬೇಕೆಂದುಕೊಂಡೆ, ನಗು ಬರಲಿಲ್ಲ. ಅವಳು ಗೆರೆಯ ಮೇಲೆ ಬೆರಳಾಡಿಸಿದಳು. ಸೀಮೆಸುಣ್ಣ ಅಳಿಸಿ ಬೆರಳಿಗೆ ಬಂತು.

“ಮೂರ್ರಲ್ಲಿ ಉದ್ದುಕಿರೋನು ಯಾವನು?”

“ಇವನೇ. ಯಾವಾಗ್ಲೂ ಇವನೇ.” ನನಗೆ ಗೊತ್ತಿಲ್ಲದೆ ನಾನೂ ಅವನನ್ನು ಇವನು ಎಂದಿದ್ದೆ.

“ಎಲ್ಲಿ ನಿಂತವ್ನೆ?”

“ಲಂಬಕೋನದ ಎದುರಿಗೆ.”

“ಎದುರಿಗೆ ನಿಂತವ್ನೆ, ಎಲ್ರಿಗಿಂತ ಉದ್ದುಕವ್ನೆ. ಅಂಗಾದ್ರೆ ನಾನೇಳಿದ್ರಲ್ಲಿ ತಪ್ಪೇನೈತೆ?”

“ಒಂದಕ್ಷರ ಅಮ್ಮ.”

“ಒಂದಕ್ಷರಕ್ಕೆ ಗೋಣಿಚೀಲಾನೇನೋ?” ಎಂದು ನನ್ನ ತಲೆಗೆ ಮೆಲ್ಲಗೆ ಮೊಟಕಿದಳು. ಸೀಮೆಸುಣ್ಣದ ಗುರುತು ನನ್ನ ಕೂದಲಲ್ಲಿ ಉಳಿಯಿತಂತೆ, ಅಪ್ಪ ನೋಡಿ ನಕ್ಕಿದ್ದ.

ಆಮೇಲಿನ ನಾಲ್ಕು ತಿಂಗಳು ನಮ್ಮ ಮನೆಯ ಒಳ್ಳೆಯ ತಿಂಗಳುಗಳು. ಸಂಜೆ ಕಾಫಿಯಾದ ಮೇಲೆ ಅಮ್ಮ ಹೇಳುತ್ತಿದ್ದಳು, ನಾನು ನೆಲದ ಮೇಲೆ ಬರೆಯುತ್ತಿದ್ದೆ. ನನಗೆ ಸಾಲು ಮರೆತರೆ ಅವಳಿಗೆ ನೆನಪಿರುತ್ತಿತ್ತು, ಅವಳಿಗೆ ಆಕಾರ ಗೊತ್ತಿರದಿದ್ದರೆ ನಾನು ತೋರಿಸುತ್ತಿದ್ದೆ. ಸ್ಪರ್ಶಕ, ಜ್ಯಾ, ಕಂಸ ಒಂದೊಂದಾಗಿ ಅವಳ ಕಣ್ಣಿಗೆ ಬಿದ್ದವು. ಕಂಸವೂ ಬರಿಯ ಗೆರೆ ಎಂದು ತಿಳಿದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಫ್ಜಲ್ ಕೂಡ ಬರತೊಡಗಿದ. “ಅಮ್ಮಾ, ವೃತ್ತದ್ದು ಇನ್ನೊಂದ್ಸಲ ಹೇಳಿ,” ಎಂದು ಹೊಸಿಲ ಮೇಲೆ ಕೂತು ಕಡಲೆಪುರಿ ಮುಕ್ಕುತ್ತಿದ್ದ. ಅಡುಗೆಮನೆಯ ನೆಲ ಬೆಳಿಗ್ಗೆ ಒರೆಸುವ ತನಕ ಗೆರೆಗಳಿಂದ ತುಂಬಿರುತ್ತಿತ್ತು, ನಾವು ಅವನ್ನು ತುಳಿಯದೆ ದಾಟಿ ಊಟಕ್ಕೆ ಕೂರುತ್ತಿದ್ದೆವು. ಬೆಳಗಿನ ಹೊತ್ತು ಅಮ್ಮ ಮತ್ತೆ ಡ್ರಿಲ್ ಪೀರಿಯಡ್ಡಿಗೇ ರುಬ್ಬತೊಡಗಿದಳು. ಆದರೆ ಗೋಡೆಗೆ ಬೆನ್ನು ಕೊಟ್ಟು ಕೂರುವುದನ್ನು ಬಿಟ್ಟಳು. ಬಾಗಿಲ ಹತ್ತಿರ ಕೂರುತ್ತಿದ್ದಳು, ಯಾರಾದರೂ ಬಂದರೆ ತಟ್ಟನೆ ಎದ್ದುಬಿಡಬಹುದಾದ ಜಾಗದಲ್ಲಿ.

ಪರೀಕ್ಷೆಯಲ್ಲಿ ಆ ಪ್ರಮೇಯವೇ ಬಂತು. ಬರೆಯುತ್ತ ಹೋದೆ. ‘ವಿಕರ್ಣನ’ ಎಂದು ಬರೆದು, ‘ನ’ ಹೊಡೆದು ‘ದ’ ಮಾಡಿದೆ. ನಾನು ಪಾಸಾದೆ, ಲೆಕ್ಕದಲ್ಲಿ ನನ್ನ ಯೋಗ್ಯತೆಗೆ ಮೀರಿದ ಅಂಕ ಬಂತು. ಅಫ್ಜಲ್ ಪಾಸಾದ. ಅವರ ಮನೆಯಿಂದ ಬಂದ ಸಿಹಿ ನಮ್ಮ ಮನೆಗಲ್ಲ, ಅಮ್ಮನ ಕೈಗೇ ಕೊಡಬೇಕೆಂದು ಅವರಮ್ಮ ಹೇಳಿ ಕಳಿಸಿದ್ದರು.

ಜೂನಿನಲ್ಲಿ ಶಾಲೆ ತೆರೆದಾಗ ಹತ್ತನೇ ‘ಬಿ’ ಇರಲಿಲ್ಲ. ಕನ್ನಡ ಮಾಧ್ಯಮಕ್ಕೆ ಮಕ್ಕಳು ಬರುವುದಿಲ್ಲವೆಂದು ಎಂಟನೇ ‘ಬಿ’ಗೆ ಸೇರಿಸಿಕೊಳ್ಳುವುದನ್ನು ಹಿಂದೆಯೇ ನಿಲ್ಲಿಸಿದ್ದರು. ನಮ್ಮ ಹಿಂದೆ ಒಂಬತ್ತನೇ ‘ಬಿ’ ಎಂಬುದೇ ಇರಲಿಲ್ಲ. ನಾವು ಕೊನೆಯವರು. ನಮಗೆ ಅದು ಗೊತ್ತಿತ್ತು, ಆದರೆ ನಮ್ಮ ಹಿಂದೆ ಯಾರಿದ್ದಾರೆ ಎಂದು ಆ ವಯಸ್ಸಿನಲ್ಲಿ ಯಾರು ತಿರುಗಿ ನೋಡುತ್ತಾರೆ? ಕೋಣೆಗೆ ಹೊಸದಾಗಿ ಸುಣ್ಣ ಬಳಿದು ‘ಎ’ ಸೆಕ್ಷನ್ನಿನಲ್ಲಿ ಹೆಚ್ಚಾದ ಹುಡುಗರನ್ನು ತಂದು ಕೂರಿಸಿದರು. ಅಮ್ಮ ಒಂದು ವಾರ ಕೇಳಿದಳು.

“ಇಂಗ್ಲೀಸು ಗೋಡೆ ದಾಟಾಕಿಲ್ಲ ಕಣೋ,” ಎಂದಳು. ಸಂಬಳದ ದಿನ ಅಪ್ಪನಿಗೆ ಹೇಳಿ ಪಂಪ್ ಸ್ಟೋವ್ ತರಿಸಿದಳು. ಪರೀಕ್ಷೆಯ ಮಾತನ್ನು ಅವಳು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಆಮೇಲಿನದು ದೊಡ್ಡ ಕಥೆಯಲ್ಲ. ನಾನು ಜಾಲಹಳ್ಳಿಯ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಕೆಲಸಕ್ಕೆ ಸೇರಿದೆ, ಅಮೃತಹಳ್ಳಿಯಲ್ಲಿ ಮನೆ ಮಾಡಿದೆ. ಅಪ್ಪ ನಿವೃತ್ತನಾದ ಮೇಲೆ ಇಬ್ಬರೂ ನಮ್ಮ ಜೊತೆಗೇ ಇದ್ದರು. ಅಮ್ಮ ನನ್ನ ಮಗಳಿಗೆ ವಿಕರ್ಣನ ಕಥೆಯನ್ನೂ ವಿಕರ್ಣದ ಪ್ರಮೇಯವನ್ನೂ ಒಟ್ಟಿಗೇ ಹೇಳಿಕೊಟ್ಟಳು, ಮಗಳು ಶಾಲೆಯಲ್ಲಿ ಎರಡನ್ನೂ ಕಲಸಿ ಹೇಳಿ ಬೈಸಿಕೊಂಡು ಬಂದಳು. ಅಮ್ಮ ಚೆನ್ನಾಗಿ ಬಾಳಿದಳು. ಕೊರಗಿದ್ದನ್ನು ನಾನು ನೋಡಲಿಲ್ಲ. ಅವಳ ಹನ್ನೊಂದನೇ ದಿನದ ಊಟಕ್ಕೆ ರಾಯಪ್ಪ ಮೇಷ್ಟ್ರು ಮೊಮ್ಮಗನ ತೋಳು ಹಿಡಿದುಕೊಂಡು ಬಂದಿದ್ದರು. ಎಲೆಯ ಮುಂದೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು:

“ಮುಂದಿನ ವರ್ಷ ಅಂದಾಗ್ಲೇ ನಂಗೆ ಅರ್ಥ ಆಯ್ತು ರಾಜ. ಆಯಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಒಂಬತ್ತನೇ ಬಿ ರೂಮಿಗೆ ಬೀಗ ಹಾಕಿದ್ದೇ ನಿಮ್ಮಪ್ಪ. ಕೇಳೋಕೆ ಪಾಠಾನೇ ಇರದ ವರ್ಷಕ್ಕೆ ಮುಂದೂಡಿದ್ರು.”

ನಾನು ಸಾರು ಬಡಿಸಲು ಎದ್ದೆ.

ಹೋದ ತಿಂಗಳು ಅಫ್ಜಲ್ ಒಂದು ಫೋಟೋ ಕಳಿಸಿದ. ಅವನು ಆರ್.ಟಿ. ನಗರದಲ್ಲಿ ಟೈರ್ ಅಂಗಡಿ ಇಟ್ಟಿದ್ದಾನೆ. ಹಳೆಯ ಕಟ್ಟಡ ಕೆಡವುವ ಮೊದಲು ಶಾಲೆಯವರು ಹಳೆಯ ಕಾಗದಗಳನ್ನು ವಿಂಗಡಿಸುತ್ತಿದ್ದಾಗ ನಮ್ಮ ವರ್ಷದ ಹಾಜರಿ ಪುಸ್ತಕ ಸಿಕ್ಕಿತಂತೆ. ಕೊನೆಯ ಹತ್ತನೇ ‘ಬಿ’, ರಾಯಪ್ಪ ಮೇಷ್ಟ್ರ ದುಂಡು ಅಕ್ಷರ. ‘ನೋಡು ಮಗಾ, ಎಲ್ರೂ ಇದೀವಿ’ ಎಂದು ಕೆಳಗೆ ಬರೆದಿದ್ದ. ಫೋಟೋ ದೊಡ್ಡದು ಮಾಡಿಕೊಂಡು ಮೇಲಿನಿಂದ ಕೆಳಗಿನ ತನಕ ಎರಡು ಸಲ ಓದಿದೆ. ಮೂವತ್ತೆಂಟು ಹೆಸರುಗಳಿವೆ. ಅಮ್ಮನ ಹೆಸರು ಇಲ್ಲ.